ಮಾತ್ರೆ ನುಂಗಿದ್ದಕ್ಕೇ ಮಗು ಆಗುತ್ತಿಲ್ಲವೇ?

ಪ್ರಶ್ನೆ: ನನಗೆ 31 ವರ್ಷ, ಗಂಡನಿಗೆ 35. ಮದುವೆಯಾಗಿ ನಾಲ್ಕು ವರ್ಷ ದಾಟಿತು. ಮೊದಲ ಮೂರು ವರ್ಷ ಮಗು ಬೇಡ ಅಂತ ಇಬ್ಬರೂ ಕೂತು ಮಾತಾಡಿಯೇ ನಿರ್ಧಾರ ಮಾಡಿದ್ದೆವು. ನಾನು ದಿನವೂ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಬಿಟ್ಟು 14 ತಿಂಗಳಾಯಿತು, ಇನ್ನೂ ಏನೂ ಆಗಿಲ್ಲ. ಮಾತ್ರೆ ನುಂಗುವಾಗ 28 ದಿನಕ್ಕೆ ಸರಿಯಾಗಿ ಮುಟ್ಟಾಗುತ್ತಿತ್ತು. ಈಗ 40 ದಿನ, 45 ದಿನ ಆಗುತ್ತದೆ. ಕಾಲೇಜಿನಲ್ಲಿದ್ದಾಗಲೂ ಹೀಗೇ ಇತ್ತು. 14ನೇ ದಿನ ಸರಿಯಾದ ದಿನ ಅಂತ ಎಲ್ಲೋ ಓದಿ, ಆಗಲೇ ಪ್ರಯತ್ನ ಮಾಡುತ್ತಿದ್ದೇವೆ. ಅತ್ತೆಗೆ ಮಾತ್ರೆಯ ವಿಷಯ ಗೊತ್ತಾದ ಮೇಲೆ "ಅದನ್ನು ನುಂಗಿ ನುಂಗಿ ಗರ್ಭಕೋಶ ಹಾಳು ಮಾಡಿಕೊಂಡೆ" ಅಂತಾರೆ. ಗಂಡ ಪಕ್ಕದಲ್ಲೇ ಇದ್ದರೂ ಸುಮ್ಮನಿರುತ್ತಾರೆ. ನೀವೂ ಒಂದು ಪರೀಕ್ಷೆ ಮಾಡಿಸಿ ಅಂದರೆ "ನನಗೇನಾಗಿದೆ?" ಅಂತ ಎದ್ದು ಹೋಗುತ್ತಾರೆ. ನಾನು ತಪ್ಪು ಮಾಡಿದೆನಾ ಮೇಡಂ?

ಉತ್ತರ: ಇಲ್ಲ, ನೀವು ತಪ್ಪು ಮಾಡಿಲ್ಲ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ನಿಮ್ಮ ಪತ್ರದಲ್ಲೇ ಅದಕ್ಕೆ ಉತ್ತರ ಇದೆ. ಕಾಲೇಜಿನ ದಿನಗಳಲ್ಲೂ ಹೀಗೇ ಇತ್ತು ಅಂದಿರಲ್ಲ, ಆ ಮಾತನ್ನು ಇನ್ನೊಮ್ಮೆ ಓದಿಕೊಳ್ಳಿ.

ಗರ್ಭನಿರೋಧಕ ಮಾತ್ರೆಯಲ್ಲಿರುವ ಹಾರ್ಮೋನುಗಳು ಅಂಡಾಶಯದಿಂದ ಅಂಡಾಣು ಹೊರಬರದಂತೆ ತಡೆಯುತ್ತವೆ. ನುಂಗುವಷ್ಟು ದಿನ ಮಾತ್ರ ಈ ಕೆಲಸ. ಅವು ಮೈಯಲ್ಲಿ ವರ್ಷಗಟ್ಟಲೆ ಶೇಖರವಾಗುವುದಿಲ್ಲ, ಗರ್ಭಕೋಶವನ್ನು ಒಣಗಿಸುವುದಿಲ್ಲ, ಸುಡುವುದೂ ಇಲ್ಲ. ಮಾತ್ರೆ ಬಿಟ್ಟ ಒಂದು ವರ್ಷದೊಳಗೆ ನೂರರಲ್ಲಿ 80ಕ್ಕೂ ಹೆಚ್ಚು ಮಹಿಳೆಯರು ಗರ್ಭಿಣಿಯಾಗುತ್ತಾರೆ. ಮಾತ್ರೆಯನ್ನೇ ಮುಟ್ಟದ ದಂಪತಿಗಳಲ್ಲೂ ಲೆಕ್ಕ ಹೆಚ್ಚುಕಡಿಮೆ ಇಷ್ಟೇ. ಕಾಪರ್ ಟಿ ತೆಗೆಸಿದರೂ ಅಷ್ಟೇ, ಮುಂದಿನ ತಿಂಗಳೇ ಗರ್ಭ ನಿಲ್ಲಬಹುದು. ಮೂರು ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಮಾತ್ರ ಬೇರೆ. ಅದನ್ನು ನಿಲ್ಲಿಸಿದ ಮೇಲೆ ಅಂಡಾಣು ಬಿಡುಗಡೆ ಮತ್ತೆ ಶುರುವಾಗಲು ಹಲವು ತಿಂಗಳು, ಕೆಲವರಿಗೆ ಒಂದು ವರ್ಷವೂ ಹಿಡಿಯುತ್ತದೆ. ನೀವು ತೆಗೆದುಕೊಂಡಿದ್ದು ಅದಲ್ಲ.

ಹಾಗಾದರೆ ಆ 28 ದಿನದ ಮುಟ್ಟು ಎಲ್ಲಿ ಹೋಯಿತು? ಅದು ನಿಜವಾದ ಮುಟ್ಟೇ ಆಗಿರಲಿಲ್ಲ. ಪ್ಯಾಕಿನ ಕೊನೆಯ ವಾರ ಹಾರ್ಮೋನು ನಿಂತಾಗ ಆಗುವ ರಕ್ತಸ್ರಾವ ಅದು. ಗಡಿಯಾರದ ಹಾಗೆ ಬರುತ್ತಿದ್ದದ್ದು ಮಾತ್ರೆಯ ಲೆಕ್ಕ, ನಿಮ್ಮ ದೇಹದ್ದಲ್ಲ. ಮಾತ್ರೆ ಬಿಟ್ಟ ಮೇಲೆ ನಿಮ್ಮ ಹಳೆಯ ಚಕ್ರವೇ ವಾಪಸ್ ಬಂದಿದೆ. ಎಷ್ಟೋ ಹೆಣ್ಣುಮಕ್ಕಳು ಇಲ್ಲೇ ಮೋಸ ಹೋಗುತ್ತಾರೆ. ಮಾತ್ರೆ ಮುಚ್ಚಿಟ್ಟಿದ್ದ ತೊಂದರೆಯನ್ನು ಮಾತ್ರೆಯೇ ತಂದ ತೊಂದರೆ ಅಂದುಕೊಂಡು ವರ್ಷಗಟ್ಟಲೆ ತಮ್ಮನ್ನೇ ಬೈದುಕೊಳ್ಳುತ್ತಾರೆ. ಅದನ್ನು ನೋಡಿದಾಗ ನನಗೆ ತುಂಬಾ ಸಂಕಟವಾಗುತ್ತದೆ.

ಈಗ ಆ 14ನೇ ದಿನದ ವಿಷಯ. ಅದು 28 ದಿನದ ಚಕ್ರದವರ ಲೆಕ್ಕ. ಅಂಡಾಣು ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ನಿಮ್ಮ ಚಕ್ರ 45 ದಿನದ್ದಾದರೆ ಅದು 31ನೇ ದಿನದ ಹತ್ತಿರ ಬರುತ್ತದೆ. ಹೊರಬಂದ ಅಂಡಾಣು ಒಂದು ದಿನವೂ ಬದುಕುವುದು ಕಷ್ಟ. ವೀರ್ಯಾಣು ಹೆಣ್ಣಿನ ದೇಹದಲ್ಲಿ 5 ದಿನದವರೆಗೆ ಬದುಕಬಲ್ಲದು. ಅಂದರೆ ಗರ್ಭ ನಿಲ್ಲಲು ಸಾಧ್ಯವಿರುವುದು ಒಂದು ಚಕ್ರದಲ್ಲಿ ಆರು ದಿನ ಮಾತ್ರ. 14 ತಿಂಗಳಲ್ಲಿ ಬಹಳಷ್ಟು ಸಲ ಆ ಆರು ದಿನಗಳನ್ನೇ ನೀವು ತಪ್ಪಿಸಿಕೊಂಡಿರಬಹುದು. ಇನ್ನು ಮೇಲೆ ದಿನ ಎಣಿಸುವುದನ್ನು ಬಿಡಿ. ತಿಂಗಳಿಡೀ ಎರಡು ಮೂರು ದಿನಕ್ಕೊಮ್ಮೆ ಸೇರಿದರೆ ಸಾಕು. ಕ್ಯಾಲೆಂಡರ್ ಹಿಡಿದು ಕೂತರೆ ಪ್ರೀತಿಯೂ ಕೆಲಸವಾಗಿಬಿಡುತ್ತದೆ, ಅಲ್ವಾ?

ಆದರೆ ಇಷ್ಟಕ್ಕೇ ಬಿಡಬೇಡಿ. ವೈದ್ಯರು ಒಂದು ವರ್ಷ ಕಾಯಲು ಹೇಳುತ್ತಾರೆ. ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳು. ನಿಮ್ಮದು 14 ಆಗಿದೆ, ಮುಟ್ಟೂ ಸರಿಯಿಲ್ಲ. ಸ್ತ್ರೀರೋಗ ತಜ್ಞರನ್ನು ನೋಡುವ ಸಮಯ ಇದು. ದೂರ ದೂರ ಬರುವ ಮುಟ್ಟಿಗೆ ತುಂಬಾ ಸಾಮಾನ್ಯ ಕಾರಣ ಪಿಸಿಓಎಸ್, ಅಂದರೆ ಹಾರ್ಮೋನು ಏರುಪೇರಾಗಿ ಅಂಡಾಶಯದ ಕೆಲಸ ತಪ್ಪುವ ತೊಂದರೆ. ಜನ ಪಿಸಿಓಡಿ ಅಂತಲೂ ಕರೆಯುತ್ತಾರೆ. ಅದಿದ್ದವರಿಗೆ ಅಂಡಾಣು ತಿಂಗಳು ತಿಂಗಳು ಬಿಡುಗಡೆಯಾಗುವುದಿಲ್ಲ. ಥೈರಾಯಿಡ್ ಏರುಪೇರಾದರೂ, ಎದೆಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಜಾಸ್ತಿಯಾದರೂ ಹೀಗಾಗಬಹುದು. ರಕ್ತಪರೀಕ್ಷೆ, ಒಂದು ಸ್ಕ್ಯಾನಿಂಗ್ ಮಾಡಿದರೆ ಬಹುತೇಕ ತಿಳಿಯುತ್ತದೆ. ಪಿಸಿಓಎಸ್ ಅಂತ ಬಂದರೂ ಎದೆ ಒಡೆದುಕೊಳ್ಳಬೇಡಿ. ತೂಕ ಜಾಸ್ತಿ ಇದ್ದರೆ ಸ್ವಲ್ಪ ಇಳಿಸಿದರೂ ಎಷ್ಟೋ ಜನರಿಗೆ ಚಕ್ರ ಸರಿಹೋಗುತ್ತದೆ. ಅಂಡಾಣು ಬಿಡುಗಡೆ ಮಾಡಿಸಲು ಲೆಟ್ರೋಜೋಲ್‌ನಂಥ ಮಾತ್ರೆಗಳಿವೆ. ವೈದ್ಯರು ಹೇಳದೆ ಅದನ್ನು ತೆಗೆದುಕೊಳ್ಳಬೇಡಿ. ಮುಟ್ಟಿನಲ್ಲಿ ತಡೆಯಲಾರದ ನೋವು ಬರುತ್ತಿದ್ದರೆ ಅದನ್ನೂ ಹೇಳಿ, ಗರ್ಭಕೋಶದ ಒಳಪದರದಂಥದ್ದೇ ಪದರ ಅದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇರಬಹುದು. ಹಿಂದೆ ಹೊಟ್ಟೆಯ ಸೋಂಕು, ಟಿಬಿ ಅಥವಾ ಆಪರೇಷನ್ ಆಗಿದ್ದರೆ ಮರೆಯದೆ ತಿಳಿಸಿ. ಅಂಡಾಣು ಗರ್ಭಕೋಶಕ್ಕೆ ಸಾಗುವ ಗರ್ಭನಾಳ ಮುಚ್ಚಿಹೋಗಲು ಅವು ಕಾರಣವಾಗಬಹುದು. ಗರ್ಭಕ್ಕೆ ಮುಂಚಿನಿಂದಲೇ ಫೋಲಿಕ್ ಆಸಿಡ್ ಶುರು ಮಾಡುವ ಬಗ್ಗೆಯೂ ಕೇಳಿ. ದಿನಕ್ಕೆ 400 ಮೈಕ್ರೋಗ್ರಾಂ ಸಾಮಾನ್ಯ ಪ್ರಮಾಣ.

ಇನ್ನು ನಿಮ್ಮ ಗಂಡನ ಮಾತು. ಮಗು ಆಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ಕೆಲವು ಸಲ ಅವರದೊಂದೇ, ಕೆಲವು ಸಲ ಇಬ್ಬರದೂ. ನಿಮ್ಮ ಮುಟ್ಟು ಸರಿಯಿಲ್ಲ ಅಂದ ಮಾತ್ರಕ್ಕೆ ಅವರದು ಸರಿ ಇದೆ ಅಂತ ಅಲ್ಲ. ವೀರ್ಯ ಪರೀಕ್ಷೆಗೆ ಸೂಜಿ ಚುಚ್ಚುವುದಿಲ್ಲ, ನೋವಿಲ್ಲ. ಎರಡರಿಂದ ಏಳು ದಿನ ಸೇರದೆ ಇದ್ದು ಒಂದು ಸ್ಯಾಂಪಲ್ ಕೊಟ್ಟರೆ ಆಯಿತು. ಇಷ್ಟು ಸುಲಭದ ಪರೀಕ್ಷೆ ಮಾಡಿಸದೆ ಹೆಂಡತಿಯ ಗರ್ಭನಾಳಕ್ಕೆ ಡೈ ಹಾಕಿ ಎಕ್ಸ್‌ರೇ ತೆಗೆಸುವುದು, ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ ನೋಡುವ ಲ್ಯಾಪರೋಸ್ಕೋಪಿ ಮಾಡಿಸುವುದು ನನ್ನ ಮಟ್ಟಿಗೆ ಅನ್ಯಾಯ. ನಿಮಗೆ ಯಾರಾದರೂ ಅವನ್ನು ಬರೆದುಕೊಟ್ಟರೆ, ಮೊದಲು ಗಂಡನ ರಿಪೋರ್ಟ್ ಬರಲಿ ಅಂತ ಗಟ್ಟಿಯಾಗಿ ಹೇಳಿ.

ಅವರು ಎದ್ದು ಹೋಗುತ್ತಿರುವುದು ಸಿಟ್ಟಿನಿಂದಲ್ಲ, ಹೆದರಿಕೆಯಿಂದ ಇರಬಹುದು. ರಿಪೋರ್ಟ್ ಸರಿ ಬರದಿದ್ದರೆ ತನ್ನ ಗಂಡಸುತನಕ್ಕೇ ಕುಂದು ಅನ್ನುವ ಹೆದರಿಕೆ. ಆ ಎರಡಕ್ಕೂ ಸಂಬಂಧವೇ ಇಲ್ಲ. ಹಾಸಿಗೆಯಲ್ಲಿ ಯಾವ ತೊಂದರೆಯೂ ಇಲ್ಲದ ಗಂಡಸಿನ ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲದಿರಬಹುದು. ಹೊರಗಿನಿಂದ ಗೊತ್ತಾಗುವುದಿಲ್ಲ, ಪರೀಕ್ಷೆ ಮಾಡಿಸಿದರೇ ಗೊತ್ತಾಗುವುದು. ತೊಂದರೆ ಇದ್ದರೂ ಎಷ್ಟೋ ಸಲ ಸರಿಪಡಿಸಬಹುದು. ವೃಷಣದ ಸುತ್ತ ರಕ್ತನಾಳ ಊದಿಕೊಳ್ಳುವ ವೇರಿಕೋಸಿಲ್‌ಗೆ ಆಪರೇಷನ್ ಇದೆ. ಸಿಗರೇಟು, ಕುಡಿತ ಬಿಡಬಹುದು. ಜಿಮ್‌ನಲ್ಲಿ ಮೈ ಬೆಳೆಸಲು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಅಥವಾ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಖಂಡಿತ ವೈದ್ಯರಿಗೆ ಹೇಳಬೇಕು. ಅದು ವೀರ್ಯಾಣು ತಯಾರಾಗುವುದನ್ನೇ ನಿಲ್ಲಿಸಿಬಿಡಬಹುದು. ಹೊಸ ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಹಾಗಾಗಿ ಒಂದು ರಿಪೋರ್ಟ್ ಕೆಟ್ಟದಾಗಿ ಬಂದರೆ ಅದೇ ಕೊನೆಯ ಮಾತಲ್ಲ, ಮತ್ತೆ ಪರೀಕ್ಷೆ ಮಾಡುತ್ತಾರೆ.

ಹೇಳುವ ರೀತಿಯನ್ನು ಸ್ವಲ್ಪ ಬದಲಿಸಿ ನೋಡಿ. "ನೀವೂ ಮಾಡಿಸಿ" ಅಂದಾಗ ಅವರಿಗೆ ಅದು ಆರೋಪದ ಹಾಗೆ ಕೇಳಿಸುತ್ತಿರಬಹುದು. "ಶನಿವಾರ ಡಾಕ್ಟರ್ ಹತ್ತಿರ ಹೋಗೋಣ, ನನಗೂ ಪರೀಕ್ಷೆ ಇದೆ, ನಿಮಗೂ ಇದೆ, ಒಟ್ಟಿಗೆ ಮುಗಿಸಿಬಿಡೋಣ" ಅನ್ನಿ. ಅಮ್ಮನ ಎದುರು ಈ ಮಾತು ಬೇಡ, ಇಬ್ಬರೇ ಇದ್ದಾಗ ಹೇಳಿ. ಲ್ಯಾಬಿನಲ್ಲಿ ಸ್ಯಾಂಪಲ್ ಕೊಡುವುದೇ ಮುಜುಗರ ಅನಿಸುತ್ತಿದ್ದರೆ, ಮನೆಯಲ್ಲೇ ತೆಗೆದು ಒಂದು ಗಂಟೆಯೊಳಗೆ ತಲುಪಿಸಬಹುದಾ ಅಂತ ಮೊದಲೇ ಕೇಳಿಕೊಳ್ಳಿ. ತುಂಬಾ ಕಡೆ ಒಪ್ಪುತ್ತಾರೆ. ಎಷ್ಟೋ ಗಂಡಸರು ಪರೀಕ್ಷೆಗಿಂತ ಆ ಕೋಣೆಗೇ ಜಾಸ್ತಿ ಹೆದರುತ್ತಾರೆ.

ಅತ್ತೆಯ ಜೊತೆ ನೀವು ವಾದಕ್ಕೆ ಇಳಿಯಬೇಡಿ. ಅಲ್ಲಿ ಮಾತಾಡಬೇಕಾದವರು ನಿಮ್ಮ ಗಂಡ. ಮಾತ್ರೆ ನುಂಗಿದ್ದು ನೀವೊಬ್ಬರೇ ಆದರೂ ನಿರ್ಧಾರ ಇಬ್ಬರದಾಗಿತ್ತು. ಅವರು ಸುಮ್ಮನಿದ್ದಷ್ಟೂ ಅದು ನಿಮ್ಮೊಬ್ಬರ ತಪ್ಪಿನ ಹಾಗೆ ಕಾಣುತ್ತದೆ. ಈ ಮಾತನ್ನು ಅವರಿಗೆ ನೇರವಾಗಿ ಹೇಳಿ, ಅಳು ಬಂದರೂ ಪರವಾಗಿಲ್ಲ. ದೊಡ್ಡ ಭಾಷಣ ಬೇಡ. "ಅಮ್ಮಾ, ಮಗು ಆಮೇಲೆ ಅಂತ ನಾವಿಬ್ಬರೂ ಸೇರಿ ನಿರ್ಧಾರ ಮಾಡಿದ್ದು. ಈಗ ಡಾಕ್ಟರ್ ಹತ್ತಿರವೂ ಇಬ್ಬರೂ ಹೋಗ್ತಿದ್ದೀವಿ" ಅಂತ ಒಂದು ಸಲ, ನಿಮ್ಮ ಎದುರಿಗೇ, ಅವರು ಹೇಳಲಿ.