ಮೊದಲು ಅಂಗಡಿಗೆ ಬೇಡ, ಕಿಟಕಿಯ ಹತ್ತಿರ ಹೋಗಿ

ವಿಚ್‌ಕ್ರಾಫ್ಟ್ (ಮಾಟ-ಮಂತ್ರದ ಆಚರಣೆ), ವಿಕ್ಕಾ (ಅದನ್ನೇ ಧರ್ಮವಾಗಿ ಪಾಲಿಸುವ ಹೊಸ ದಾರಿ), ಪ್ರಕೃತಿಯಲ್ಲೇ ದೈವವನ್ನು ಕಾಣುವ ಬದುಕು. ಇವುಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಕೆಲವರು ಹೆದರಿಕೊಂಡು ಬರೆದಿದ್ದಾರೆ, ಕೆಲವರು ಆಸೆಯಿಂದ ಬರೆದಿದ್ದಾರೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ವಿಚ್‌ಕ್ರಾಫ್ಟ್ ಅಂದರೆ ನನಗೆ ಗೊತ್ತಿರುವುದು ಮಾಟ ಮಾಡಿಸುವುದು, ಆಗದವರಿಗೆ ಕೇಡು ಬಯಸುವುದು, ಅಷ್ಟೇ. ಈಗ ಓದಿದ ಹುಡುಗಿಯರೇ ‘ನಾನೊಬ್ಬ ವಿಚ್’ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಏನಿದು? ಸಾವಿರಾರು ವರ್ಷದಿಂದ ಗುಟ್ಟಾಗಿ ಉಳಿದು ಬಂದ ಧರ್ಮ ಅಂತಾರೆ, ನಿಜವಾ?

ಉತ್ತರ: ನಿಜ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಈ ದಾರಿಯನ್ನು ಪ್ರೀತಿಸುವವರು ಅದರ ಚರಿತ್ರೆಯ ಬಗ್ಗೆ ಸುಳ್ಳು ಹೇಳಬೇಕಾದ ಅಗತ್ಯವೇ ಇಲ್ಲ.

ಇವತ್ತು ವಿಕ್ಕಾ ಎಂದು ಕರೆಯುವುದು ಇಪ್ಪತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ರೂಪ ಪಡೆದದ್ದು. ಮಲಯದಲ್ಲಿ (ಇಂದಿನ ಮಲೇಷ್ಯಾ) ಸುಂಕದ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಗೆರಾಲ್ಡ್ ಗಾರ್ಡ್ನರ್, 1939ರಲ್ಲಿ ದಕ್ಷಿಣ ಇಂಗ್ಲೆಂಡಿನ ನ್ಯೂ ಫಾರೆಸ್ಟ್ ಕಡೆಯ ಒಂದು ಗುಂಪು ತಮಗೆ ದೀಕ್ಷೆ ಕೊಟ್ಟಿತು ಎಂದು ಹೇಳಿಕೊಂಡರು. ಮಾಟದ ಶಕ್ತಿ ಇದೆ ಎಂದು ಹೇಳಿಕೊಳ್ಳುವವರನ್ನು ಶಿಕ್ಷಿಸುತ್ತಿದ್ದ ಅಲ್ಲಿನ 1735ರ ವಿಚ್‌ಕ್ರಾಫ್ಟ್ ಕಾಯ್ದೆ 1951ರಲ್ಲಿ ರದ್ದಾಯಿತು. ಆಮೇಲೆ 1954ರಲ್ಲಿ ಗಾರ್ಡ್ನರ್ ಈ ಬಗ್ಗೆ ಪುಸ್ತಕವನ್ನೇ ಬರೆದರು. ಆಚರಣೆಯ ಮಾತುಗಳಿಗೆ ಕಾವ್ಯದ ಗುಣ ತಂದುಕೊಟ್ಟವರು ಅವರ ಗುಂಪಿನ ಡೋರೀನ್ ವ್ಯಾಲಿಯಂಟೆ, ಮತ್ತು ನನ್ನ ಮಟ್ಟಿಗೆ ಗಾರ್ಡ್ನರ್ ಅವರಿಗಿಂತ ಜಾಸ್ತಿ ನೆನೆಯಬೇಕಾದವರು ಅವರೇ. ಹಳೆಯ ಗುಪ್ತ ಧರ್ಮವೊಂದು ಹಾಗೇ ಮುಂದುವರಿದು ಬಂತು ಎಂದು 1921ರಲ್ಲಿ ಬ್ರಿಟನ್ನಿನ ವಿದ್ವಾಂಸೆ ಮಾರ್ಗರೆಟ್ ಮರ್ರೆ ವಾದಿಸಿದ್ದರು. ಇತಿಹಾಸಕಾರರು ಅದನ್ನು ಒಪ್ಪಿಲ್ಲ.

ಇನ್ನೊಂದು ವಿಷಯ. ಯುರೋಪಿನಲ್ಲಿ ಹದಿನೈದರಿಂದ ಹದಿನೆಂಟನೇ ಶತಮಾನದವರೆಗೆ ಮಾಟಗಾರರು ಎಂದು ಹೇಳಿ ಸುಮಾರು 40,000ದಿಂದ 60,000 ಜನರನ್ನು ಕೊಂದರು. ಅವರು ಯಾವ ಗುಪ್ತ ಧರ್ಮದವರೂ ಆಗಿರಲಿಲ್ಲ. ಅಕ್ಕಪಕ್ಕದವರ ದ್ವೇಷಕ್ಕೆ ಸಿಕ್ಕಿದ ಸಾಮಾನ್ಯ ಜನ, ಹೆಚ್ಚಿನವರು ಹೆಂಗಸರು, ಆದರೆ ಗಂಡಸರೂ ಇದ್ದರು. ಇದು ಹಳೆಯ ಕಥೆ ಎಂದುಕೊಳ್ಳಬೇಡಿ. ಇವತ್ತಿಗೂ ಎಷ್ಟೋ ದೇಶಗಳಲ್ಲಿ ಇದೇ ಆರೋಪ ಹೊರಿಸಿ ಹೊಡೆಯುತ್ತಾರೆ, ಊರು ಬಿಡಿಸುತ್ತಾರೆ, ಕೊಲ್ಲುತ್ತಾರೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ 2021ರಲ್ಲಿ ಇದರ ವಿರುದ್ಧ ನಿರ್ಣಯ ತೆಗೆದುಕೊಳ್ಳಬೇಕಾಗಿ ಬಂತು. ಹಾಗಾಗಿ ‘ನಾನು ವಿಚ್’ ಎಂದು ತಮ್ಮ ಬಗ್ಗೆ ತಾವು ಹೇಳಿಕೊಳ್ಳುವುದು ಅವರವರ ಇಷ್ಟ. ಇನ್ನೊಬ್ಬರತ್ತ ಬೆರಳು ತೋರಿಸಿ ಆ ಮಾತು ಹೇಳುವ ಹಕ್ಕು ಯಾರಿಗೂ ಇಲ್ಲ, ತಮಾಷೆಗೂ ಬೇಡ.

ಪ್ರಶ್ನೆ: ನನಗೆ ಶುರು ಮಾಡಬೇಕೆಂಬ ಆಸೆ ಇದೆ. ಆದರೆ ಎಲ್ಲಿ ನೋಡಿದರೂ ಒಂದು ಪಟ್ಟಿ ಕೊಡುತ್ತಾರೆ. ಕ್ರಿಸ್ಟಲ್, ಬಣ್ಣಬಣ್ಣದ ಮೇಣದ ಬತ್ತಿ, ಭವಿಷ್ಯ ನೋಡುವ ಟ್ಯಾರೋ ಕಾರ್ಡ್, ಕಬ್ಬಿಣದ ಪುಟ್ಟ ಕಡಾಯಿ, ಚಾಕು. ಮೊದಲು ಯಾವುದನ್ನು ಕೊಳ್ಳಲಿ?

ಉತ್ತರ: ಯಾವುದನ್ನೂ ಬೇಡ. ಒಂದು ವರ್ಷ ಏನನ್ನೂ ಕೊಳ್ಳದೆ ಇದ್ದು ನೋಡಿ ಅನ್ನುವುದು ನನ್ನ ಸಲಹೆ. ಇದು ಪ್ರಕೃತಿಯನ್ನು ಪೂಜಿಸುವ ದಾರಿ ಎಂದಮೇಲೆ ಮೊದಲು ಪ್ರಕೃತಿಯ ಪರಿಚಯ ಆಗಬೇಕು, ಅಲ್ವಾ? ಈಗ ನಿಮ್ಮನ್ನೇ ಕೇಳುತ್ತೇನೆ. ಇವತ್ತು ಚಂದ್ರ ಯಾವ ಹಂತದಲ್ಲಿದ್ದಾನೆ? ನಿಮ್ಮ ಕಿಟಕಿಯಿಂದ ಕಾಣುವ ಮರ ಯಾವುದು, ಅದು ಎಲೆ ಉದುರಿಸುವುದು ಯಾವಾಗ? ನಲ್ಲಿಯ ನೀರು ಯಾವ ಹೊಳೆಯಿಂದ ಅಥವಾ ಕೆರೆಯಿಂದ ಬರುತ್ತದೆ? ಮನೆಯ ಕಸ ಎಲ್ಲಿಗೆ ಹೋಗುತ್ತದೆ? ಇವಕ್ಕೆ ಉತ್ತರ ಹುಡುಕುವುದೇ ಮೊದಲ ಪಾಠ, ಮತ್ತು ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ.

ಚಂದ್ರನಿಂದ ಶುರು ಮಾಡಿ, ಅದು ಎಲ್ಲರಿಗೂ ಸುಲಭ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ದಿನಕ್ಕೆ ಸರಾಸರಿ 50 ನಿಮಿಷದಷ್ಟು ತಡವಾಗಿ ಹುಟ್ಟುತ್ತಾನೆ. ಹುಣ್ಣಿಮೆಯ ದಿನ ಸೂರ್ಯ ಮುಳುಗುವ ಹೊತ್ತಿಗೆ ಏಳುತ್ತಾನೆ, ಅಮಾವಾಸ್ಯೆ ಹತ್ತಿರವಾದಂತೆ ಬೆಳಗಿನ ಜಾವಕ್ಕೆ ಸರಿಯುತ್ತಾನೆ. ಕ್ಯಾಲೆಂಡರ್ ನೋಡದೆ ಇದನ್ನು ಬರೀ ಕಣ್ಣಿನಿಂದ ಹಿಡಿಯಲು ಪ್ರಯತ್ನಿಸಿ. ಹಾಗೇ ಸೂರ್ಯ ಹುಟ್ಟುವ ಜಾಗವನ್ನೂ ಗಮನಿಸಿ. ಒಂದೇ ಕಿಟಕಿ, ಒಂದೇ ಗೋಡೆ, ಆದರೆ ಆ ಜಾಗ ಆರು ತಿಂಗಳು ಉತ್ತರಕ್ಕೆ ಜರುಗಿ ಆರು ತಿಂಗಳು ದಕ್ಷಿಣಕ್ಕೆ ಬರುತ್ತದೆ. ಕಂಡದ್ದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಮಳೆ, ಹಕ್ಕಿ, ನಿಮ್ಮ ನಿದ್ದೆ, ಕನಸು, ಸಿಟ್ಟು, ಎಲ್ಲವೂ ಬರಲಿ. ವಿಕ್ಕಾದವರು ಇಟ್ಟುಕೊಳ್ಳುವ ‘ಬುಕ್ ಆಫ್ ಶ್ಯಾಡೋಸ್’ ಅನ್ನುವ ಆಚರಣೆಯ ಟಿಪ್ಪಣಿ ಪುಸ್ತಕಕ್ಕೆ ದೊಡ್ಡ ಹೆಸರಿದೆ, ಚರ್ಮದ ರಟ್ಟು ಹಾಕಿ ಮಾರುತ್ತಾರೆ. ಶಾಲೆ ಮಕ್ಕಳ ಗೆರೆ ಪುಸ್ತಕ ಸಾಕು.

ಇಷ್ಟಾದ ಮೇಲೂ ಒಂದು ಮೇಣದ ಬತ್ತಿ ಬೇಕು ಅನ್ನಿಸಿದರೆ ತೆಗೆದುಕೊಳ್ಳಿ. ಆಗ ಅದು ಯಾತಕ್ಕೆ ಬೇಕು ಎಂಬುದು ನಿಮಗೇ ಗೊತ್ತಿರುತ್ತದೆ.

ಪ್ರಶ್ನೆ: ಬೆಳಗ್ಗೆ ಏಳಕ್ಕೆ ಮನೆ ಬಿಟ್ಟರೆ ರಾತ್ರಿ ವಾಪಸ್. ಎರಡು ಮಕ್ಕಳು ಬೇರೆ. ಆಚರಣೆಗೆಲ್ಲ ಸಮಯವೇ ಇಲ್ಲ. ನನ್ನಂಥವರಿಗೆ ಇದು ಆಗುವುದಿಲ್ಲ ಬಿಡಿ.

ಉತ್ತರ: ಆಗುತ್ತದೆ. ಕಾಫಿ ಕುದಿಯುವ ಹೊತ್ತು ಇದೆಯಲ್ಲ, ಅಷ್ಟು ಹೊತ್ತು ಫೋನ್ ಮುಟ್ಟದೆ ಬೆಂಕಿ, ನೀರು, ಆವಿ ಇವನ್ನು ನೋಡುತ್ತಾ ನಿಂತುಕೊಳ್ಳಿ. ಇವತ್ತು ನಿಮ್ಮಿಂದ ಆಗಬೇಕಾದ ಒಂದು ಕೆಲಸವನ್ನು ಬಾಯಿಬಿಟ್ಟು ಹೇಳಿಕೊಳ್ಳಿ. ರಾತ್ರಿ ಬಾಗಿಲು ಹಾಕುವಾಗ ಹೊಸ್ತಿಲ ಬಳಿ ನಿಂತು, ಹೊರಗಿನದು ಹೊರಗೇ ಇರಲಿ ಅನ್ನಿ. ಮಕ್ಕಳಿಗೆ ಚಂದ್ರ ಹುಡುಕುವ ಕೆಲಸ ಕೊಡಿ, ನಿಮಗಿಂತ ಬೇಗ ಕಲಿಯುತ್ತಾರೆ.

ಪ್ರಶ್ನೆ: ವಿಕ್ಕಾದಲ್ಲಿ ವರ್ಷಕ್ಕೆ ಎಂಟು ಹಬ್ಬ ಆಚರಿಸಬೇಕಂತೆ. ಆದರೆ ನಾನಿರುವ ಕಡೆ ಹಿಮವೂ ಬೀಳುವುದಿಲ್ಲ, ವಸಂತ ಬಂದದ್ದೂ ಗೊತ್ತಾಗುವುದಿಲ್ಲ. ಡಿಸೆಂಬರ್‌ನಲ್ಲಿ ಚಳಿಗಾಲದ ಯೂಲ್ ಹಬ್ಬ ಮಾಡುವುದು ನಾಟಕ ಅನ್ನಿಸುತ್ತದೆ.

ಉತ್ತರ: ನಿಮಗೆ ಹಾಗೆ ಅನ್ನಿಸಿದ್ದು ಸರಿಯಾಗಿಯೇ ಇದೆ. ಆ ಎಂಟರಲ್ಲಿ ನಾಲ್ಕು ಸೂರ್ಯನ ಲೆಕ್ಕದವು. ಹಗಲು ರಾತ್ರಿ ಸಮ ಇರುವ ಎರಡು ದಿನ, ಅತಿ ಉದ್ದ ಹಗಲಿನ ದಿನ, ಅತಿ ಉದ್ದ ರಾತ್ರಿಯ ದಿನ (ಇದೇ ಯೂಲ್). ಉಳಿದ ನಾಲ್ಕು ಇಂಬೋಲ್ಕ್, ಬೆಲ್ಟೇನ್, ಲೂನಸಾ, ಸೌವಿನ್. ಇವು ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನ ದನ ಸಾಕುವವರ, ಬೇಸಾಯಗಾರರ ವರ್ಷದಿಂದ ಬಂದವು. ಎಂಟನ್ನೂ ಸೇರಿಸಿ ಒಂದು ಚಕ್ರ ಮಾಡಿದ್ದು ಗಾರ್ಡ್ನರ್ ಕಾಲದಲ್ಲೇ. ಸೂರ್ಯನ ಲೆಕ್ಕದ ಉಳಿದ ಮೂರು ಹಬ್ಬಗಳ ಒಸ್ಟಾರಾ, ಲಿಥಾ, ಮೇಬನ್ ಅನ್ನುವ ಹೆಸರುಗಳಂತೂ 1970ರ ದಶಕದಲ್ಲಿ ಅಮೆರಿಕದಲ್ಲಿ ಸೇರಿದವು. ಅಂದಮೇಲೆ ಇದು ಕಲ್ಲಿನಲ್ಲಿ ಕೊರೆದ ಪಂಚಾಂಗ ಅಲ್ಲ. ಆಸ್ಟ್ರೇಲಿಯಾದಲ್ಲಿ ಚಳಿಗಾಲ ಬರುವುದೇ ಜೂನ್‌ನಲ್ಲಿ, ಹಾಗಾಗಿ ಅಲ್ಲಿನ ಪೇಗನ್‌ಗಳಲ್ಲಿ (ಪ್ರಕೃತಿಯನ್ನು ಪೂಜಿಸುವ ಇಂಥ ದಾರಿಗಳವರಲ್ಲಿ) ಎಷ್ಟೋ ಜನ ಈ ಚಕ್ರವನ್ನೇ ಆರು ತಿಂಗಳು ತಿರುಗಿಸಿ ಜೂನ್‌ನಲ್ಲಿ ಯೂಲ್ ಮಾಡುತ್ತಾರೆ.

ನೀವು ಉಷ್ಣವಲಯದಲ್ಲಿದ್ದರೆ ಉತ್ತರದ ದೇಶಗಳಿಗೆ ಇಲ್ಲದ ಒಂದು ಸೊಬಗು ನಿಮಗಿದೆ. ವರ್ಷದಲ್ಲಿ ಎರಡು ಸಲ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ಆಗ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಆ ದಿನಗಳನ್ನು ಹಬ್ಬ ಮಾಡಿಕೊಳ್ಳಬಹುದು. ಮೊದಲ ದೊಡ್ಡ ಮಳೆ, ಕಪ್ಪೆಗಳು ವಟಗುಟ್ಟಲು ಶುರು ಮಾಡಿದ ರಾತ್ರಿ, ಬಾವಿಯ ನೀರು ತಳ ಕಂಡ ವಾರ, ಇವೂ ಆಗಬಹುದು. ತಾರೀಖು ನಿಮ್ಮ ನೋಟ್‌ಬುಕ್ಕಿನಿಂದ ಬರಲಿ.

ಪ್ರಶ್ನೆ: ಕ್ರಿಸ್ಟಲ್ ನೆನೆಸಿಟ್ಟ ನೀರು ಕುಡಿದರೆ ಶಕ್ತಿ ಬರುತ್ತದಂತೆ. ಕುಡಿಯಬಹುದಾ?

ಉತ್ತರ: ಕುಡಿಯಬೇಡಿ. ಗೆಲೀನಾ ಎಂಬ ಕಲ್ಲಿನಲ್ಲಿ ಸೀಸ ಇದೆ, ಸಿನಬಾರ್‌ನಲ್ಲಿ ಪಾದರಸ, ಮ್ಯಾಲಕೈಟ್‌ನಲ್ಲಿ ತಾಮ್ರ. ಸೆಲೆನೈಟ್ ನೀರಿನಲ್ಲಿ ನಿಧಾನಕ್ಕೆ ಕರಗುತ್ತದೆ. ಗಾಜಿನ ಗೋಳವನ್ನು ಬಿಸಿಲಿಗೆ ಇಟ್ಟರೆ ಅದು ಭೂತಗನ್ನಡಿಯ ಹಾಗೆ ಬೆಳಕು ಒಟ್ಟುಮಾಡಿ ಪರದೆಗೆ ಬೆಂಕಿ ಹಚ್ಚಬಹುದು. ಕಲ್ಲು ಚೆನ್ನಾಗಿ ಕಂಡರೆ ಕೈಯಲ್ಲಿ ಹಿಡಿದುಕೊಳ್ಳಿ, ಅಷ್ಟು ಸಾಕು. ಗಿಡಮೂಲಿಕೆಗೂ ಇದೇ ಮಾತು. ಪೆನ್ನಿರಾಯಲ್ ಎಂಬ ಪುದೀನಾ ಜಾತಿಯ ಗಿಡದ ಎಣ್ಣೆ ಲಿವರ್ ಹಾಳು ಮಾಡುತ್ತದೆ. ಡಿಜಿಟಾಲಿಸ್ ಗಿಡ, ಕಣಗಿಲೆ ಎರಡೂ ಹೃದಯಕ್ಕೆ ವಿಷ. ‘ನ್ಯಾಚುರಲ್’ ಎಂದು ಬರೆದಿದ್ದರೆ ಅದು ಸುರಕ್ಷಿತ ಎಂದಲ್ಲ.

ಪ್ರಶ್ನೆ: ನಾನು ಪ್ರೀತಿಸುವವನು ನನ್ನನ್ನು ಬಿಟ್ಟು ಹೋಗಿದ್ದಾನೆ. ಅವನು ವಾಪಸ್ ಬರುವಂಥ ಒಂದು ಸ್ಪೆಲ್ ಹೇಳಿಕೊಡಿ. ದಯವಿಟ್ಟು ಬುದ್ಧಿ ಹೇಳಬೇಡಿ.

ಉತ್ತರ: ಹೇಳಿಕೊಡುವುದಿಲ್ಲ. ನಿಮ್ಮ ನೋವು ಚಿಕ್ಕದು ಎಂದು ಅಲ್ಲ. ಅವನ ಒಪ್ಪಿಗೆ ಇಲ್ಲದೆ ಅವನ ಮನಸ್ಸಿನ ಮೇಲೆ ಕೈ ಹಾಕುವುದು ತಪ್ಪು, ಅದು ಮಂತ್ರದಿಂದಾದರೂ ತಪ್ಪೇ, ದಿನಕ್ಕೆ ಹತ್ತು ಸಲ ಫೋನ್ ಮಾಡಿ ಪೀಡಿಸಿದರೂ ತಪ್ಪೇ. ವಿಕ್ಕಾದಲ್ಲಿ ಎಲ್ಲರೂ ಹೇಳುವ ಒಂದು ಮಾತಿದೆ: ಯಾರಿಗೂ ಕೇಡಾಗದಿದ್ದರೆ ನಿನಗೆ ಬೇಕಾದದ್ದು ಮಾಡು. ಇನ್ನೊಬ್ಬರ ಇಷ್ಟವನ್ನು ಕಟ್ಟಿಹಾಕುವುದು ಆ ‘ಕೇಡು’ ಎಂಬುದರಲ್ಲೇ ಬರುತ್ತದೆ ಎಂದು ಈ ದಾರಿಯಲ್ಲಿರುವ ಬಹಳಷ್ಟು ಜನ ಒಪ್ಪುತ್ತಾರೆ, ನಾನಂತೂ ಪೂರ್ತಿ ಒಪ್ಪುತ್ತೇನೆ. ನಿಮಗಾಗಿ ಮಾಡಿಕೊಳ್ಳುವುದಾದರೆ ಒಂದಿದೆ. ಅವನಿಗೆ ಹೇಳಬೇಕಾದದ್ದನ್ನೆಲ್ಲ ಕಾಗದದ ಮೇಲೆ ಬರೆಯಿರಿ, ಬೈಗುಳವೂ ಇರಲಿ. ಚಂದ್ರ ಸಣ್ಣದಾಗುತ್ತಿರುವ ರಾತ್ರಿಗಳಲ್ಲಿ ದಿನಕ್ಕೊಂದು ತುಂಡಿನಂತೆ ಹರಿದು ಗಿಡದ ಬುಡದ ಮಣ್ಣಿನಲ್ಲಿ ಹೂಳಿ. ಕಳಿಸಬೇಡಿ.

ಪ್ರಶ್ನೆ: ಹೋದ ವರ್ಷ ಅಮ್ಮ ತೀರಿಕೊಂಡರು. ನನಗೆ ದೇವರಲ್ಲಿ ನಂಬಿಕೆ ಇಲ್ಲ, ವಿಜ್ಞಾನ ಓದಿದವಳು. ಆದರೂ ರಾತ್ರಿ ಒಂದು ದೀಪ ಹಚ್ಚಿ ಅವರ ಜೊತೆ ಮಾತಾಡಿದರೆ ಸಮಾಧಾನ ಆಗುತ್ತದೆ. ನಾನು ನನಗೇ ಮೋಸ ಮಾಡಿಕೊಳ್ಳುತ್ತಿದ್ದೇನಾ?

ಉತ್ತರ: ಇಲ್ಲಮ್ಮ. ದೀಪ ಹಚ್ಚಲು ಯಾರೂ ನಿಮ್ಮಿಂದ ನಂಬಿಕೆಯ ಪ್ರಮಾಣಪತ್ರ ಕೇಳುವುದಿಲ್ಲ. ದೇವರು, ಆತ್ಮ ಯಾವುದನ್ನೂ ಒಪ್ಪದೆ ಪ್ರಕೃತಿಯನ್ನು ಗೌರವಿಸಿ ಆಚರಣೆ ಮಾಡುವ ಪೇಗನ್‌ಗಳು ಎಷ್ಟೋ ಜನ ಇದ್ದಾರೆ. 1980ರ ದಶಕದಲ್ಲಿ ಲಂಡನ್ನಿನ ಮಾಂತ್ರಿಕ ಗುಂಪುಗಳ ಜೊತೆಗಿದ್ದು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ಟಾನ್ಯಾ ಲೂರ್ಮನ್ ಅವರಿಗೆ ಕಂಡದ್ದು, ಜನ ಮೊದಲು ನಂಬಿ ಆಮೇಲೆ ಮಾಡುತ್ತಿರಲಿಲ್ಲ, ಮಾಡುತ್ತಾ ಮಾಡುತ್ತಾ ಅವರು ಜಗತ್ತನ್ನು ನೋಡುವ ರೀತಿ ಸ್ವಲ್ಪಸ್ವಲ್ಪವೇ ಬದಲಾಗುತ್ತಿತ್ತು. ಅದು ನಿಮಗೂ ಆಗಬಹುದು, ಆಗದೆಯೂ ಇರಬಹುದು. ಎರಡರಲ್ಲಿ ಯಾವುದಾದರೂ ತೊಂದರೆ ಇಲ್ಲ.

ದುಃಖಕ್ಕೆ ಶುರು, ಕೊನೆ ಅಂತ ಇರುವುದಿಲ್ಲ, ಅದು ದಿನವಿಡೀ ಹರಡಿಕೊಂಡಿರುತ್ತದೆ. ದೀಪ ಹಚ್ಚುವುದಕ್ಕೆ ಶುರು ಇದೆ, ಆರಿಸುವುದಕ್ಕೆ ಕೊನೆ ಇದೆ, ನಡುವಿನ ಹತ್ತು ನಿಮಿಷ ಅಳಲು ಜಾಗ ಇದೆ. ಅಕ್ಟೋಬರ್ 31ರ ಸೌವಿನ್ ರಾತ್ರಿ ಕೆಲವು ಪೇಗನ್ ಮನೆಗಳಲ್ಲಿ ತೀರಿಕೊಂಡವರಿಗೂ ಒಂದು ತಟ್ಟೆ ಇಟ್ಟು, ಯಾರೂ ಮಾತಾಡದೆ ಊಟ ಮಾಡುತ್ತಾರೆ. ನೀವೂ ಅಮ್ಮನಿಗೆ ಇಷ್ಟವಾದ ಅಡುಗೆ ಮಾಡಿ ಒಂದು ದಿನ ಹಾಗೆ ಊಟ ಮಾಡಿ ನೋಡಿ. ಅವರು ಸಾಕಿದ ಗಿಡ ಇದ್ದರೆ ಅದಕ್ಕೆ ನೀರು ಹಾಕುವಾಗ ಮಾತಾಡಿ. ಆದರೆ ನಿದ್ದೆ, ಊಟ ಬಿಟ್ಟುಹೋಗಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ, ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಿ. ದೀಪವೂ ಇರಲಿ, ಔಷಧಿಯೂ ಇರಲಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಪರಿಚಯವಾದ ಒಬ್ಬರು ನನ್ನ ಮೇಲೆ ಶಾಪ ಇದೆ, ತೆಗೆಯಲು ದುಡ್ಡು ಕಳಿಸಿ ಅಂತಾರೆ. ಒಮ್ಮೆ ಕಳಿಸಿದೆ. ಈಗ ಶಾಪ ಇನ್ನೂ ಬಲವಾಗಿದೆ, ಮತ್ತೆ ಕಳಿಸಿ ಅಂತಾರೆ.

ಉತ್ತರ: ಅದು ವಂಚನೆ. ಇನ್ನು ಒಂದು ಪೈಸೆಯೂ ಕಳಿಸಬೇಡಿ. ಮೆಸೇಜ್, ಹಣ ಕಳಿಸಿದ ದಾಖಲೆ ಎಲ್ಲ ಉಳಿಸಿಕೊಂಡು ಅವರನ್ನು ಬ್ಲಾಕ್ ಮಾಡಿ, ಬ್ಯಾಂಕಿಗೆ ತಿಳಿಸಿ, ಪೊಲೀಸರಿಗೆ ದೂರು ಕೊಡಿ. ಮನೆಯಲ್ಲಿ ಒಬ್ಬರಿಗಾದರೂ ಇವತ್ತೇ ಹೇಳಿ, ಯಾಕೆಂದರೆ ಇಂಥವರು ಬದುಕುವುದೇ ನೀವು ನಾಚಿಕೆಯಿಂದ ಸುಮ್ಮನಿರುತ್ತೀರಿ ಎಂಬ ಧೈರ್ಯದ ಮೇಲೆ.

ಪ್ರಶ್ನೆ: ಹದಿನೇಳು ವರ್ಷದ ಮಗಳ ರೂಮಿನಲ್ಲಿ ಟ್ಯಾರೋ ಕಾರ್ಡ್, ಮೇಣದ ಬತ್ತಿ, ಒಣಗಿದ ಎಲೆಗಳು ಸಿಕ್ಕಿವೆ. ಗಂಡ ಎಲ್ಲವನ್ನೂ ಎಸೆಯಿರಿ ಅನ್ನುತ್ತಾರೆ. ನನಗೂ ಭಯ.

ಉತ್ತರ: ಎಸೆಯಬೇಡಿ. ಎಸೆದರೆ ಅವಳು ನಿಲ್ಲಿಸುವುದಿಲ್ಲ, ನಿಮ್ಮಿಂದ ಮುಚ್ಚಿಡುತ್ತಾಳೆ ಅಷ್ಟೇ. ಟ್ಯಾರೋ ಹದಿನೈದನೇ ಶತಮಾನದ ಇಟಲಿಯಲ್ಲಿ ಇಸ್ಪೀಟಿನಂತೆ ಆಡುತ್ತಿದ್ದ ಆಟ. ಅದರಲ್ಲಿ ಭವಿಷ್ಯ ನೋಡುವ ರೂಢಿ ಜೋರಾಗಿದ್ದು ಹದಿನೆಂಟನೇ ಶತಮಾನದ ಫ್ರಾನ್ಸಿನಲ್ಲಿ. 78 ಚಿತ್ರಗಳ ಕಟ್ಟು, ಹೆದರುವಂಥದ್ದು ಏನೂ ಇಲ್ಲ. ಅವಳ ಪಕ್ಕ ಕೂತು, ಇದರಲ್ಲಿ ನಿನಗೆ ಯಾವ ಚಿತ್ರ ಇಷ್ಟ, ಯಾಕೆ ಎಂದು ಕೇಳಿ. ಉತ್ತರ ಬರುವವರೆಗೆ ಕಾಯಿರಿ. ಯಾರಾದರೂ ದೊಡ್ಡವರು ಗುಟ್ಟು ಇಟ್ಟುಕೋ ಅಂದಿದ್ದಾರಾ, ದುಡ್ಡು ಅಥವಾ ಫೋಟೋ ಕೇಳಿದ್ದಾರಾ ಅನ್ನುವುದನ್ನು ಮಾತ್ರ ಖಂಡಿತ ತಿಳಿದುಕೊಳ್ಳಿ. ನಿಜವಾದ ಅಪಾಯ ಅಲ್ಲಿರುತ್ತದೆ. ಮತ್ತೆ, ಮೇಣದ ಬತ್ತಿ ಹಚ್ಚಿಟ್ಟು ಮಲಗಬಾರದು ಎಂಬ ನಿಯಮ ಹಾಕಿ.

ಪ್ರಶ್ನೆ: ಮನೆ ಶುದ್ಧಿಗೆ ವೈಟ್ ಸೇಜ್ ಎಂಬ ಗಿಡದ ಒಣ ಎಲೆಯ ಹೊಗೆ ಹಾಕಲೇಬೇಕಾ? ಮರಕ್ಕೆ ರಿಬ್ಬನ್ ಕಟ್ಟಿ ಹರಕೆ ಹೊರಬಹುದಾ?

ಉತ್ತರ: ಎರಡೂ ಬೇಡ. ವೈಟ್ ಸೇಜ್ ದಕ್ಷಿಣ ಕ್ಯಾಲಿಫೋರ್ನಿಯಾ ಮತ್ತು ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾದ ಗಿಡ, ಅಲ್ಲಿನ ಮೂಲನಿವಾಸಿಗಳಿಗೆ ಪವಿತ್ರವಾದದ್ದು. ಇದನ್ನು ಮಾರಲು ಕಾಡಿನಿಂದ ಕದ್ದು ಕೀಳುತ್ತಾರೆ. ಭೂಮಿಯನ್ನು ತಾಯಿ ಎಂದು ಕರೆಯುವವರು ಅದನ್ನು ಕೊಳ್ಳಬಾರದು. ಕಿಟಕಿ ತೆಗೆದು ಕಸ ಗುಡಿಸಿ, ಅಷ್ಟು ಸಾಕು. ಮನೆಯಲ್ಲಿ ಆಸ್ತಮಾ ಇರುವವರಿಗೂ ಹಕ್ಕಿ ಸಾಕಿದವರಿಗೂ ಯಾವ ಹೊಗೆಯೂ ಒಳ್ಳೆಯದಲ್ಲ. ರಿಬ್ಬನ್ ಬಿಗಿಯಾಗಿ ಕಟ್ಟಿದರೆ ಕೊಂಬೆ ಬೆಳೆದಂತೆ ತೊಗಟೆಯೊಳಗೆ ಇಳಿಯುತ್ತದೆ, ನೈಲಾನ್ ಆದರೆ ಕೊಳೆಯುವುದೂ ಇಲ್ಲ. ಬುಡಕ್ಕೆ ಉಪ್ಪು ಸುರಿಯುವುದೂ ಬೇಡ, ಬೇರು ಸಾಯುತ್ತದೆ. ಮರಕ್ಕೆ ಏನಾದರೂ ಕೊಡಲೇಬೇಕು ಅನ್ನಿಸಿದರೆ ಬೇಸಿಗೆಯಲ್ಲಿ ಎರಡು ಬಕೆಟ್ ನೀರು ಹಾಕಿ, ಮತ್ತೆ ಬರುವಾಗ ಅದರ ಸುತ್ತ ಬಿದ್ದಿರುವ ಪ್ಲಾಸ್ಟಿಕ್ ಹೆಕ್ಕಿಕೊಂಡು ಬನ್ನಿ.