ಹೋಮ್ಸ್‌ನ ಕೋಟೆ ಬಿಡಿ, ಆ ಮಕ್ಕಳ ಕಾಗದ ಹಿಡಿಯಿರಿ

ನಮಸ್ಕಾರ,

ಅಮೆರಿಕದ ಸರಣಿ ಕೊಲೆಗಾರ ಎಚ್. ಎಚ್. ಹೋಮ್ಸ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ನೀವು ಇದನ್ನು ಕೈಬಿಡಬಾರದು ಅಂತಲೇ ಇಷ್ಟು ಬರೆಯುತ್ತಿದ್ದೇನೆ.

ಲೇಖನದ ಮುಕ್ಕಾಲು ಪಾಲು ಶಿಕಾಗೋದಲ್ಲಿ ಹೋಮ್ಸ್ ಕಟ್ಟಿಸಿದ, 'ಕೊಲೆಗಳ ಕೋಟೆ' ಅನ್ನೋ ಕಟ್ಟಡಕ್ಕೇ ಹೋಗಿದೆ. ಗುಪ್ತ ಕೋಣೆಗಳು, ವಿಷಾನಿಲ, 1893ರ ವಿಶ್ವಮೇಳಕ್ಕೆ ಬಂದು ಮಾಯವಾದ 200 ಜನ. ಈ 200ಕ್ಕೆ ಆಧಾರವೇ ಇಲ್ಲ. ಕಟ್ಟಡ ಇದ್ದದ್ದು ನಿಜ, ಶಿಕಾಗೋದಲ್ಲಿ ಅವನ ಜೊತೆಗಿದ್ದ ಕೆಲವು ಹೆಂಗಸರು ಕಾಣೆಯಾದದ್ದೂ ನಿಜ. ಮಿಕ್ಕದ್ದು ಆಗಿನ ಪತ್ರಿಕೆಗಳು ಉಬ್ಬಿಸಿ, ನಂತರದವರು ಬೆಳೆಸಿದ ಕಥೆ. ಅವನ ತಪ್ಪೊಪ್ಪಿಗೆಯನ್ನೂ ನೀವು ಸುಮ್ನೆ ನಂಬಿಬಿಟ್ಟಿದ್ದೀರಿ. ಅದು ದುಡ್ಡು ತೆಗೆದುಕೊಂಡು ಪತ್ರಿಕೆಗೆ ಬರೆದುಕೊಟ್ಟದ್ದು. 27 ಜನರನ್ನು ಕೊಂದೆ ಅಂದ. ಅವರಲ್ಲಿ ಕೆಲವರು ಆಗಿನ್ನೂ ಬದುಕಿದ್ದರು!

ನಿಮ್ಮ ನಿಜವಾದ ಕಥೆ ಕೊನೆಯ ಎರಡು ಪ್ಯಾರಾದಲ್ಲಿ ಮುದುಡಿ ಕೂತಿದೆ. ಓದಿ ಸಂಕಟವಾಯಿತು. ಹೋಮ್ಸ್ 1896ರಲ್ಲಿ ಗಲ್ಲಿಗೇರಿದ್ದು ತನ್ನ ಜೊತೆಗಾರ ಬೆಂಜಮಿನ್ ಪೈಟ್ಜೆಲ್‌ನ ಕೊಲೆಗಾಗಿ. ಬೇರೆ ಯಾರದೋ ಹೆಣ ತೋರಿಸಿ 10,000 ಡಾಲರ್ ವಿಮೆ ಹೊಡೆಯೋಣ ಅಂತ ಇಬ್ಬರೂ ಹೂಡಿದ ಆಟ ಅದು. 1894ರಲ್ಲಿ ಫಿಲಡೆಲ್ಫಿಯಾದಲ್ಲಿ ಹೋಮ್ಸ್ ಪೈಟ್ಜೆಲ್‌ನನ್ನೇ ಕೊಂದ. ಹೆಣದ ಗುರುತು ಹಿಡಿಯಲು ಪೈಟ್ಜೆಲ್‌ನ ಮಗಳು ಆಲಿಸ್‌ಳನ್ನು ಕರೆಸಿದ. ಆಮೇಲೆ ಆಲಿಸ್, ಅವಳ ತಂಗಿ ನೆಲ್ಲಿ, ತಮ್ಮ ಹೊವಾರ್ಡ್ ಮೂವರನ್ನೂ ಊರಿಂದೂರಿಗೆ ಅಲೆದಾಡಿಸಿದ. ಗಂಡ ಎಲ್ಲೋ ಅಡಗಿದ್ದಾನೆ ಅಂತ ನಂಬಿಸಿ ತಾಯಿಯನ್ನು ಬೇರೆ ಕಡೆ ಇರಿಸುತ್ತಿದ್ದ. ಡೆಟ್ರಾಯಿಟ್‌ನಲ್ಲಿ ತಾಯಿಯೂ ಹೆಣ್ಣುಮಕ್ಕಳೂ ಕೆಲವೇ ಬೀದಿಗಳ ಅಂತರದಲ್ಲಿದ್ದರು. ಇಬ್ಬರಿಗೂ ಅದು ಗೊತ್ತಿರಲಿಲ್ಲ. ಮಕ್ಕಳು ಮನೆಯವರಿಗೆ ಬರೆದ ಕಾಗದಗಳನ್ನು ಅವನು ಅಂಚೆಗೆ ಹಾಕದೆ ತನ್ನಲ್ಲೇ ಇಟ್ಟುಕೊಂಡ.

ಆ ಕಾಗದಗಳ ಜಾಡು ಹಿಡಿದೇ ಪತ್ತೇದಾರ ಫ್ರಾಂಕ್ ಗೇಯರ್ 1895ರ ಬೇಸಿಗೆಯಲ್ಲಿ ಹೊರಟರು. ಹೋಟೆಲ್‌ಗಳ ರಿಜಿಸ್ಟರ್ ತಿರುವಿದರು, ಮನೆ ಬಾಡಿಗೆಗೆ ಕೊಡಿಸುವವರನ್ನು ವಿಚಾರಿಸಿದರು. ಟೊರೊಂಟೊದ ಮನೆಯೊಂದರ ನೆಲಮಾಳಿಗೆಯಲ್ಲಿ ಹುಡುಗಿಯರಿಬ್ಬರ ಹೆಣ ಸಿಕ್ಕಿತು. ಹೊವಾರ್ಡ್‌ನ ಅವಶೇಷ ಇಂಡಿಯಾನಾಪೊಲಿಸ್ ಹತ್ತಿರ ಸಿಕ್ಕಿತು. ಇದಕ್ಕೆ ಬಣ್ಣ ಹಚ್ಚುವ ಅಗತ್ಯವೇ ಇಲ್ಲ ಅಲ್ವಾ?

ಭಾಷೆಯ ಬಗ್ಗೆ ಒಂದು ಮಾತು. 'ನರರಾಕ್ಷಸ', 'ರಕ್ತಪಿಪಾಸು' ತುಂಬಾ ಜಾಸ್ತಿಯಾಗಿವೆ. ಹೋಮ್ಸ್ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿದವನು, ನಯವಾಗಿ ಮಾತಾಡುವವನು. ಮೊದಲ ಸಾಲಿನಲ್ಲೇ ರಾಕ್ಷಸ ಅಂದುಬಿಟ್ಟರೆ, ಒಬ್ಬ ತಾಯಿ ತನ್ನ ಮಕ್ಕಳನ್ನು ಅವನ ಜೊತೆ ಹೇಗೆ ಕಳಿಸಿದಳು ಅನ್ನೋದು ಓದುಗರಿಗೆ ಅರ್ಥವಾಗುವುದಿಲ್ಲ. ಆ ನಂಬಿಕೆ ಹೇಗೆ ಹುಟ್ಟಿತು ಅಂತ ತೋರಿಸಿ. ಕೊಲೆಯ ವಿವರಗಳಿಗೆ ಒಂದೆರಡು ಸಾಲು ಸಾಕು.

ಗೇಯರ್ ಆ ಕಾಗದಗಳನ್ನು ಓದುವಲ್ಲಿಂದ ಶುರು ಮಾಡಿ. ಕೋಟೆಗೆ ಒಂದೇ ಪ್ಯಾರಾ ಕೊಡಿ. ತಿದ್ದಬೇಡಿ, ಹೊಸದಾಗಿಯೇ ಬರೆಯಿರಿ. ಬರೆದು ನೇರವಾಗಿ ನನಗೇ ಕಳಿಸಿ, ನಾನೇ ಓದುತ್ತೇನೆ.