‘ಇಲ್ಲ’ ಅಂತ ಟಿಕ್ ಹಾಕ್ಬಿಡ್ಲಾ ಮೇಡಂ?

ಈ ಪ್ರಶ್ನೆ ನನಗೆ ಹೊಸದಲ್ಲ. ಪೊಲೀಸ್ ಸೆಲೆಕ್ಷನ್‌ಗೆ ಹೋಗುವವರು ಕೇಳಿದ್ದಾರೆ, ಮೂರ್ಛೆ ಬರುವವರು ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಕೇಳಿದ್ದಾರೆ. ಈ ಸಲ ಕೇಳಿದವನು ಕಡಲಿಗೆ ಇಳಿಯುವ ಹುಡುಗ. ಕೋಲಾರದಲ್ಲಿ ಕೂತು ಸ್ಕೂಬಾ (ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಮುಳುಗೋದು) ಪರೀಕ್ಷೆಗೆ ಆಪ್ತಸಲಹೆ ಕೊಡುತ್ತೇನೆ ಅಂತ ನಾನಂತೂ ಅಂದುಕೊಂಡಿರಲಿಲ್ಲ!

ಮಂಜು ಅಂತ ಇಟ್ಟುಕೊಳ್ಳೋಣ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬಂಗಾರಪೇಟೆ ಕಡೆಯ ಹಳ್ಳಿ, ಕನ್ನಡ ಮೀಡಿಯಂ. ಬಾವಿಗೆ ಕೊಡ ಬಿದ್ದರೆ ಊರವರು ಪಾತಾಳಗರಡಿ ಹುಡುಕದೆ ಇವನನ್ನೇ ಕೂಗುತ್ತಿದ್ದರಂತೆ. ಮುರುಡೇಶ್ವರದಲ್ಲಿ ಡೈವಿಂಗ್ ದೋಣಿಗೆ ಸಹಾಯಕನಾಗಿ ಸೇರಿ, ನೇತ್ರಾಣಿ ದ್ವೀಪದ ಹತ್ತಿರ ಮುಳುಗಿ ಮುಳುಗಿ ಲಾಗ್‌ಬುಕ್‌ನಲ್ಲಿ 50 ಡೈವ್ ದಾಟಿಸಿದ್ದ. ಪ್ಯಾಡಿ ಅನ್ನೋ ಡೈವಿಂಗ್ ತರಬೇತಿ ಸಂಸ್ಥೆಯ ಡೈವ್‌ಮಾಸ್ಟರ್, ಅಂದರೆ ಬೇರೆಯವರನ್ನು ನೀರಿಗೆ ಕರೆದೊಯ್ಯುವವನು, ಆಗಲು 60 ಬೇಕು, ಜೊತೆಗೆ ಥಿಯರಿ ಪರೀಕ್ಷೆ, ಡಾಕ್ಟರ್ ಸಹಿ ಇರುವ ಮೆಡಿಕಲ್ ಫಾರ್ಮ್. ಮಳೆಗಾಲದಲ್ಲಿ ಅಲ್ಲಿ ಡೈವಿಂಗ್ ನಿಲ್ಲುತ್ತದೆ, ಊರಿಗೆ ಬಂದು ಓದುತ್ತಿದ್ದ. ಇಂಗ್ಲಿಷ್ ಪುಸ್ತಕ, ಫಿಸಿಕ್ಸ್ ಲೆಕ್ಕ. ಒಂದು ರಾತ್ರಿ ಓದುತ್ತಾ ಕೂತಾಗ ಎದೆ ಹೊಡೆದುಕೊಂಡು, ಕೈ ಜೋಮು ಹಿಡಿದು, ಸತ್ತೇಹೋದೆ ಅನ್ನಿಸಿತು. ಎರಡನೇ ಸಲ ಆಸ್ಪತ್ರೆಗೆ ಓಡಿದರು. ಇಸಿಜಿ ಸರಿಯಾಗಿತ್ತು. ಪ್ಯಾನಿಕ್ ಅಟ್ಯಾಕ್ ಅಂತ ಹೇಳಿ ನನ್ನ ಹತ್ತಿರ ಕಳಿಸಿದರು.

ಮೂರನೇ ಭೇಟಿಗೆ ಫಾರ್ಮ್ ಹಿಡಿದೇ ಬಂದ. ‘ಇದರಲ್ಲಿ ಪ್ಯಾನಿಕ್ ಅಟ್ಯಾಕ್ ಬಗ್ಗೆ ಕೇಳಿದ್ದಾರೆ ಮೇಡಂ. ನನಗೆ ಆಗಿದ್ದು ಮೇಜಿನ ಹತ್ರ, ನೀರಲ್ಲಿ ಒಂದು ದಿನವೂ ಇಲ್ಲ. ಇಲ್ಲ ಅಂತ ಟಿಕ್ ಹಾಕ್ಬಿಡ್ಲಾ?’

ಮಾತಿನಲ್ಲಿ ತೂಕ ಇತ್ತು, ಒಪ್ಪುತ್ತೇನೆ. ತಕ್ಷಣ ಉತ್ತರ ಹೊಳೆಯಲಿಲ್ಲ. ಸುಮ್ನೆ, ಓದ್ತಾ ಇರೋದನ್ನ ನನಗೂ ಹೇಳಿಕೊಡಪ್ಪ ಅಂದೆ. ನನ್ನ ಪ್ಯಾಡ್ ಎಳೆದುಕೊಂಡು ಗೀಚುತ್ತಾ ಹೋದ. ‘ಮೇಲೆ ಗಾಳಿ ಒತ್ತಡ 1. ಸಮುದ್ರದಲ್ಲಿ 10 ಮೀಟರ್‌ಗೆ 2, 20ಕ್ಕೆ 3. 10 ಮೀಟರಲ್ಲಿ ಎದೆ ತುಂಬ ಗಾಳಿ ಎಳ್ಕೊಂಡು, ಉಸಿರು ಕಟ್ಟಿ ಮೇಲೆ ಬಂದ್ರೆ ಆ ಗಾಳಿ ಎರಡರಷ್ಟು ಹಿಗ್ಗೋಕೆ ನೋಡುತ್ತೆ, ಶ್ವಾಸಕೋಶ ಹರಿದುಹೋಗಬಹುದು. ಅದಕ್ಕೇ ಉಸಿರು ಕಟ್ಟಬಾರದು ಅನ್ನೋದು ಮೊದಲ ಪಾಠ.’

‘ಮೊದಲ ಪಾಠ ಅಂದ್ಮೇಲೆ ಯಾರು ಕಟ್ತಾರೆ?’

‘ಗಾಬರಿಯಾದವರು.’

ಆಮೇಲೆ ತುಂಬಾ ಹೊತ್ತು ಪ್ಯಾಡ್ ನೋಡುತ್ತಾ ಕೂತಿದ್ದ. ‘ಆವತ್ತು ರಾತ್ರಿ ನಾನೂ ಉಸಿರು ಕಟ್ಟಿದ್ದೆ ಮೇಡಂ. ಅಮ್ಮ ಬೆನ್ನು ಗುದ್ದಿದ ಮೇಲೇ ಬಿಟ್ಟಿದ್ದು.’

‘ಹೌದು’ ಅಂತಲೇ ಹಾಕು ಅಂದೆ. ಫಾರ್ಮ್ ಕೇಳೋದು ಆಗಿದೆಯಾ ಅಂತ, ಎಲ್ಲಿ ಕೂತಾಗ ಆಯ್ತು ಅಂತ ಅಲ್ಲ. ‘ಹೌದು’ ಅಂದರೆ ಕಡಲಿನ ಬಾಗಿಲು ಮುಚ್ಚಿತು ಅಂತಲೂ ಅಲ್ಲ, ಡಾಕ್ಟರ್ ಕೂರಿಸಿಕೊಂಡು ಸರಿಯಾಗಿ ನೋಡುತ್ತಾರೆ, ಅಷ್ಟೇ. ನೀರಿಗೆ ಇಳಿಯಬಹುದಾ ಅನ್ನೋದನ್ನು ನಾನೂ ಹೇಳಬಾರದು, ಅವನೂ ಹೇಳಬಾರದು. ಡೈವ್‌ಮಾಸ್ಟರ್ ಆದವನ ಹಿಂದೆ ಮೊದಲ ಸಲ ಕಡಲು ನೋಡುವವರು ಇಳಿಯುತ್ತಾರೆ, ಅವರು ಗಾಬರಿಯಾದರೆ ಹಿಡಿಯಬೇಕಾದ ಕೈ ಇವನದು. ಅವನ ಬೆನ್ನ ಹಿಂದೆ ಯಾರಿಗೂ ಫೋನ್ ಮಾಡಲ್ಲ ಅಂತಲೂ ಹೇಳಿದೆ. ಟಿಕ್ ಅವನೇ ಹಾಕಬೇಕಿತ್ತು. ಹಾಕಿದ.

ಡಾಕ್ಟರ್ ಇನ್ನೂ ಸಹಿ ಹಾಕಿಲ್ಲ, ಕೆಲವು ತಿಂಗಳು ಚಿಕಿತ್ಸೆ ಮುಗಿಸಿ ಬಾ ಅಂದಿದ್ದಾರೆ. ಈ ಸೀಸನ್ ಹೋಯಿತು. ಅವರಪ್ಪ ಬಂದು, ‘ದುಡ್ಡು ಕೊಟ್ಟು ನಮ್ಮ ಹುಡುಗನ ಕೆಲಸ ಕಳ್ಕೊಂಡ್ವಲ್ಲ ಮೇಡಂ’ ಅಂದರು. ಬೇಜಾರಾಯಿತು, ಆದರೆ ನಾಳೆ ಇನ್ನೊಬ್ಬ ಬಂದರೂ ಇದನ್ನೇ ಹೇಳುತ್ತೇನೆ. ಆಪ್ತಸಲಹೆ ಅಂದರೆ ಕೇಳಿದ್ದಕ್ಕೆಲ್ಲ ತಲೆಯಾಡಿಸೋದು ಅಂತ ಜಾಸ್ತಿ ಜನ ತಿಳಿದಿದ್ದಾರೆ.

ಓದಿಗೆ ಕೊಟ್ಟ ಸಲಹೆ ಚಿಕ್ಕದು. ರಾತ್ರಿ ಓದೋದು ಬೇಡ. ಲೆಕ್ಕವನ್ನು ಮೊದಲು ಕನ್ನಡದಲ್ಲಿ, ನಿಮ್ಮೂರ ಬಾವಿ ಇಟ್ಟುಕೊಂಡು ಮಾಡು, ಆಮೇಲೆ ಇಂಗ್ಲಿಷ್. ಮಾದರಿಗೆ ನಾನೇ ಒಂದು ಬರೆದುಕೊಟ್ಟಿದ್ದೆ: ಬಾವಿಯಲ್ಲಿ 10 ಮೀಟರ್ ಕೆಳಗೆ ಬಲೂನ್ ಒಯ್ದರೆ ಅರ್ಧ ಆಗುತ್ತೆ, ಯಾಕೆ?

ಮೊನ್ನೆ ವಾಟ್ಸ್ಆಪ್ ಬಂತು. ‘ಸರಿಯಾಗಿ ಅರ್ಧ ಆಗಲ್ಲ ಮೇಡಂ. ಬಾವೀದು ಸಿಹಿನೀರು, ಉಪ್ಪುನೀರಿಗಿಂತ ಹಗುರ. ಮೇಲೆ ಗಾಳಿ ಒತ್ತಡ 1 ಅಂತ ಇಟ್ಕೊಂಡ್ರೆ 10.3 ಮೀಟರ್ ಬೇಕು.’